ಸಾಹಸದ ಗೇಮ್‌ಗಳಲ್ಲಿ ಈಜಿ, ಹಾರ್ಡ್ ಆಯ್ಕೆ ಇರಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ವಿದ್ಯಾನಗರದ ಕಡೆ ನಮ್ಮದೊಂದು ಸಣ್ಣ ಗೇಮಿಂಗ್ ಅಂಗಡಿ ಇದೆ. ನಾಲ್ಕು ಟಿವಿ, ಎರಡು ಪಿಎಸ್5 (ಪ್ಲೇಸ್ಟೇಷನ್ ಅನ್ನುವ ಗೇಮ್ ಪೆಟ್ಟಿಗೆ), ಎರಡು ಹಳೇ ಪಿಎಸ್4, ಮೂಲೆಯಲ್ಲಿ ಒಂದು ಕಂಪ್ಯೂಟರ್. ನಾನು ಮತ್ತು ನನ್ನ ತಮ್ಮ ನೋಡಿಕೊಳ್ಳುತ್ತೇವೆ. ಸಂಜೆ ಐದರ ಮೇಲೆ ಕಾಲೇಜು ಹುಡುಗರು ಬರುತ್ತಾರೆ, ರಾತ್ರಿ ಎಂಟರ ಮೇಲೆ ಕೆಲಸ ಮುಗಿಸಿದವರು, ಭಾನುವಾರ ಮಕ್ಕಳನ್ನು ಕರೆದುಕೊಂಡು ಅಪ್ಪ ಅಮ್ಮಂದಿರು. ಗೇಮ್ ಶುರುವಾದ ಕೂಡಲೇ ಪರದೆ ಮೇಲೆ ಈಜಿ, ನಾರ್ಮಲ್, ಹಾರ್ಡ್ ಅಂತ ಬರುತ್ತದೆ ನೋಡಿ, ಅಲ್ಲಿಂದಲೇ ಮಾತು ಶುರು. ಈಜಿ ಒತ್ತಿದವನನ್ನು ಪಕ್ಕದವನು ರೇಗಿಸುತ್ತಾನೆ. ರೇಗಿಸಿದ್ದಕ್ಕೆ ಹಾರ್ಡ್ ಒತ್ತಿದವನು ಹತ್ತು ನಿಮಿಷಕ್ಕೆ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಕೆಳಗಿಡುತ್ತಾನೆ. ಆಯ್ಕೆಯೇ ಇಲ್ಲದ ಗೇಮ್ ಹಾಕಿದರೆ ಬೇರೆ ವಾದ. ಎಲ್ಲರೂ ಕೇಳುವುದು ಸುಮಾರು ಇವೇ ಪ್ರಶ್ನೆಗಳನ್ನು, ಹಾಗಾಗಿ ನಾನು ಕೊಡುವ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಒಂದೇ ಮಾತಲ್ಲಿ ಹೇಳಿ ಅಕ್ಕಾ, ಆಯ್ಕೆ ಇರಬೇಕಾ, ಬೇಡ್ವಾ?

ಇರಬೇಕು. ಅದೂ ಒಂದಲ್ಲ, ನಾಲ್ಕೈದು ಬೇರೆ ಬೇರೆ ಇರಬೇಕು. ಕಷ್ಟ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ. ಒಬ್ಬರಿಗೆ ಬೆರಳು ಓಡಲ್ಲ. ಇನ್ನೊಬ್ಬರಿಗೆ ಒಗಟು ಬಿಡಿಸಲು ತಾಳ್ಮೆ ಇಲ್ಲ. ಮತ್ತೊಬ್ಬರಿಗೆ ಪರದೆ ಮೇಲಿನ ಇಂಗ್ಲಿಷ್ ಓದಿ ಮುಗಿಸುವಷ್ಟರಲ್ಲಿ ಅಕ್ಷರ ಮಾಯ. ಮೂವರಿಗೂ ಈಜಿ ಅಂತ ಒಂದೇ ಬಟನ್ ಕೊಟ್ಟರೆ ಮೂವರಿಗೂ ಸರಿ ಹೋಗಲ್ಲ.

ಈಜಿ ಅಂತ ಒತ್ತಿದರೆ ಗೇಮ್ ಒಳಗೆ ಏನು ಬದಲಾಗುತ್ತದೆ?

ಒಂದೊಂದು ಗೇಮ್‌ನಲ್ಲಿ ಒಂದೊಂದು ಥರ. ಸಾಮಾನ್ಯವಾಗಿ ಶತ್ರು ಬೇಗ ಸಾಯುತ್ತಾನೆ, ಅವನ ಏಟು ನಿಮಗೆ ಅಷ್ಟು ಜೋರಾಗಿ ಬೀಳಲ್ಲ, ದಾರಿಯಲ್ಲಿ ಮದ್ದು, ಗುಂಡು ಜಾಸ್ತಿ ಸಿಗುತ್ತವೆ. ಕೆಲವು ಗೇಮ್‌ಗಳಲ್ಲಿ ಎಷ್ಟು ಜನ ಒಟ್ಟಿಗೆ ಮೇಲೆ ಬೀಳುತ್ತಾರೆ ಅನ್ನುವುದೂ ಬದಲಾಗುತ್ತದೆ.

2019ರ ಸ್ಟಾರ್ ವಾರ್ಸ್ ಜೆಡೈ: ಫಾಲನ್ ಆರ್ಡರ್ ಗೇಮ್‌ನಲ್ಲಿ ಇದನ್ನು ಬಹಳ ಚೆನ್ನಾಗಿ ತೋರಿಸಿದ್ದಾರೆ. ನಾಲ್ಕು ಹಂತ ಇವೆ. ಹಂತ ಆರಿಸುವಾಗ ಮೂರು ಅಡ್ಡ ಪಟ್ಟಿ ಕಾಣುತ್ತವೆ: ಏಟು ತಡೆಯಲು ನಿಮಗೆ ಸಿಗುವ ಸಮಯ ಎಷ್ಟು, ನಿಮಗೆ ಬೀಳುವ ಏಟು ಎಷ್ಟು, ಶತ್ರುವಿನ ಆವೇಶ ಎಷ್ಟು. ಹಂತ ಬದಲಿಸಿದ ಹಾಗೆ ಪಟ್ಟಿ ಉದ್ದ ಗಿಡ್ಡ ಆಗುತ್ತದೆ. ಅಂಗಡಿಯಲ್ಲಿ ಅಕ್ಕಿ ಕೈಗೆ ತೆಗೆದುಕೊಂಡು ನೋಡಿ ಕೊಂಡ ಹಾಗೆ, ಏನು ಸಿಗುತ್ತಿದೆ ಅಂತ ಗೊತ್ತಾಗಿ ಆರಿಸಬಹುದು. ಬರೀ ನಾರ್ಮಲ್ ಅಂತ ಬರೆದು ಬಿಟ್ಟರೆ ಅದು ಯಾರಿಗೆ ನಾರ್ಮಲ್? ದಿನಾ ನಾಲ್ಕು ಗಂಟೆ ಆಡುವವರಿಗಾ, ವಾರಕ್ಕೊಂದು ಸಲ ಕೂರುವವರಿಗಾ?

ಸೆಕಿರೊ ಮಾಡಿದವರು ಆಯ್ಕೆ ಇಟ್ಟೇ ಇಲ್ಲ. ಅವರು ಮಾಡಿದ್ದು ತಪ್ಪಾ?

ಈ ಪ್ರಶ್ನೆ ಬರದ ವಾರ ಇಲ್ಲ. ನಾನು ತಪ್ಪು ಅನ್ನಲ್ಲ. ಆದರೆ ಒಪ್ಪುವುದೂ ಇಲ್ಲ.

ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ 2019ರ ಮಾರ್ಚ್‌ನಲ್ಲಿ ಸೆಕಿರೊ ಅನ್ನುವ ಕತ್ತಿ ಕಾಳಗದ ಗೇಮ್ ಬಿಡುಗಡೆ ಮಾಡಿತು. ಈಜಿ ಇಲ್ಲ, ಹಾರ್ಡ್ ಇಲ್ಲ, ಇರುವುದು ಒಂದೇ ದಾರಿ. ಅದೇ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿಯೂ ಬಂತು. ನಿರ್ದೇಶಕ ಹಿಡೆತಾಕಾ ಮಿಯಾಜಾಕಿ ಅವರ ವಾದ ಏನೆಂದರೆ, ಎಲ್ಲರೂ ಒಂದೇ ಮಟ್ಟದಲ್ಲಿ ಆಡಬೇಕು, ಗೆದ್ದಾಗಿನ ಖುಷಿ ಎಲ್ಲರಿಗೂ ಒಂದೇ ಆಗಿರಬೇಕು. ಇದು ಸುಮ್ನೆ ಹೇಳುವ ಮಾತಲ್ಲ. ನಮ್ಮ ಅಂಗಡಿಗೆ ಬರುವ ಒಬ್ಬ ಡಿಪ್ಲೊಮಾ ಹುಡುಗ ಆ ಗೇಮ್‌ನ ಆಶಿನಾ ಕೋಟೆಯ ತುದಿಯಲ್ಲಿ ಗೆನಿಚಿರೊ ಅನ್ನುವ ಎದುರಾಳಿ ಜೊತೆ ಮೂರು ಸಂಜೆ ಬಡಿದಾಡಿದ. ಮೊದಲನೇ ಸಂಜೆ ಸಿಟ್ಟು, ಎರಡನೇ ಸಂಜೆ ಮೌನ, ಮೂರನೇ ಸಂಜೆ ಅವನ ಕೈಗೆ ಕತ್ತಿಯ ತಾಳ ಹತ್ತಿತ್ತು. ಅವನು ಗೆದ್ದಾಗ ಉಳಿದ ಟಿವಿಯವರೆಲ್ಲ ತಮ್ಮ ಆಟ ನಿಲ್ಲಿಸಿ ಎದ್ದು ನಿಂತಿದ್ದರು. ನನ್ನ ಕಣ್ಣಲ್ಲೂ ನೀರು ಬಂತು. ಆ ಖುಷಿಯನ್ನು ಕಿತ್ತುಕೊಳ್ಳಿ ಅಂತ ನಾನು ಯಾವತ್ತೂ ಹೇಳಲ್ಲ.

ಆದರೆ ಆ ಹುಡುಗನ ಹತ್ತಿರ ಮೂರು ಸಂಜೆ ಇದ್ದವು. ಬೆರಳುಗಳೂ ಚುರುಕಾಗಿದ್ದವು. ಅದೇ ತಿಂಗಳು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ಅಣ್ಣ ಬಂದಿದ್ದರು. ಬೆಳಗಿನಿಂದ ಉರಿ ಒಲೆ ಮುಂದೆ ನಿಂತು ತೋಳು ಸೋತಿರುತ್ತದೆ. ಸೆಕಿರೊ ಕಥೆ ಯೂಟ್ಯೂಬಿನಲ್ಲಿ ನೋಡಿ ಇಷ್ಟಪಟ್ಟು ಬಂದವರು. ಒಂದು ಗಂಟೆಯಲ್ಲಿ ಮೊದಲ ದೊಡ್ಡ ಎದುರಾಳಿಯನ್ನೂ ದಾಟಲು ಆಗಲಿಲ್ಲ. ದುಡ್ಡು ಕೊಟ್ಟು, ಏನೂ ಮಾತಾಡದೆ ಚಪ್ಪಲಿ ಹಾಕಿಕೊಂಡು ಹೋದರು. ಮತ್ತೆ ಆ ಗೇಮ್ ಕೇಳಲಿಲ್ಲ. ಎಲ್ಲರಿಗೂ ಒಂದೇ ಖುಷಿ ಅಂದರಲ್ಲ, ಅವರಿಗೆ ಆ ಖುಷಿ ಎಲ್ಲಿ ಸಿಕ್ಕಿತು? ಒಂದೇ ಎತ್ತರದ ಕಟ್ಟೆ ಇಟ್ಟರೆ ಎಲ್ಲರಿಗೂ ಒಂದೇ ಕಷ್ಟ ಆಗಲ್ಲ. ಕುಳ್ಳಗಿರುವವರಿಗೆ ಜಾಸ್ತಿ ಕಷ್ಟ, ಉದ್ದ ಇರುವವರಿಗೆ ಕಷ್ಟವೇ ಅಲ್ಲ.

ಆದರೆ ಎಲ್ಡನ್ ರಿಂಗ್‌ನಲ್ಲೂ ಆಯ್ಕೆ ಇಲ್ಲ, ಅದನ್ನು ಎಲ್ಲರೂ ಆಡುತ್ತಾರಲ್ಲ?

ಅದರಲ್ಲಿ ಆಯ್ಕೆ ಇದೆ. ಮೆನುವಿನಲ್ಲಿ ಇಲ್ಲ, ಅಷ್ಟೇ. 2022ರ ಫೆಬ್ರವರಿಯಲ್ಲಿ ಬಂದ ಈ ಗೇಮ್‌ನಲ್ಲಿ ಮಾರ್ಗಿಟ್ ಅನ್ನುವ ದೊಡ್ಡ ಎದುರಾಳಿ ಹತ್ತಿರ ಸೋತರೆ ಅಲ್ಲೇ ತಲೆ ಚಚ್ಚಿಕೊಳ್ಳಬೇಕಾಗಿಲ್ಲ. ಕುದುರೆ ಏರಿ ಬೇರೆ ಕಡೆ ಹೋಗಬಹುದು, ಬಲ ಹೆಚ್ಚಿಸಿಕೊಂಡು ಬರಬಹುದು, ಆತ್ಮಗಳನ್ನು ಜೊತೆಗೆ ಕರೆಯಬಹುದು, ಇನ್ನೊಬ್ಬ ಆಟಗಾರನನ್ನೇ ಸಹಾಯಕ್ಕೆ ಕರೆಯಬಹುದು, ದೂರ ನಿಂತು ಮಂತ್ರ ಹೊಡೆಯಬಹುದು. ಇದು ಜಾಣ ದಾರಿ. ಆಟದ ಒಳಗೇ ಸುಲಭ ಮಾಡಿಕೊಳ್ಳುವ ದಾರಿ ಇಟ್ಟಿರುವುದರಿಂದ ಯಾರಿಗೂ ತಾವು ಈಜಿ ಆಡುತ್ತಿದ್ದೇವೆ ಅಂತ ಅನಿಸಲ್ಲ. ಸೆಕಿರೊದಲ್ಲಿ ಈ ಬಾಗಿಲುಗಳು ತೀರಾ ಕಡಿಮೆ, ಜೊತೆಗೆ ಯಾರನ್ನೂ ಕರೆಯಲು ಆಗಲ್ಲ.

ಇದೇ ಜಾತಿಗೆ ಸೇರಿದ ಕೊರಿಯಾದ ಲೈಸ್ ಆಫ್ ಪಿ ಗೇಮ್ 2023ರಲ್ಲಿ ಆಯ್ಕೆ ಇಲ್ಲದೆ ಬಂತು. 2025ರಲ್ಲಿ ಅವರೇ ಹಂತಗಳನ್ನು ಸೇರಿಸಿದರು. ಮೊದಲೇ ಮುಗಿಸಿದ್ದ ನನ್ನ ತಮ್ಮನಿಗೆ ಇದರಿಂದ ಏನೂ ನಷ್ಟ ಆಗಲಿಲ್ಲ. ಅವನು ಆಡಿದ ಆಟ ಅಲ್ಲೇ ಇದೆ.

ಈಜಿ ಇಟ್ಟರೆ ಕಷ್ಟಪಟ್ಟು ಗೆದ್ದವರ ಬೆಲೆ ಕಡಿಮೆ ಆಗಲ್ವಾ?

ಚಿತ್ರದುರ್ಗದ ಕೋಟೆಗೆ ಹೋಗಿದ್ದೀರಲ್ವಾ? ಇಲ್ಲಿಂದ ಸುಮಾರು 60 ಕಿಲೋಮೀಟರ್. ನಾವೆಲ್ಲ ಬಾಗಿಲು ದಾಟಿ, ಮೆಟ್ಟಿಲು ಹತ್ತಿ, ಏಕನಾಥೇಶ್ವರಿ ಗುಡಿ ನೋಡಿ, ಅಕ್ಕ ತಂಗಿ ಹೊಂಡದ ಹತ್ತಿರ ಕೂತು ನೀರು ಕುಡಿದು, ಓಬವ್ವನ ಕಿಂಡಿಯಲ್ಲಿ ತಲೆ ತೂರಿಸಿ ಬರುತ್ತೇವೆ. ಅದೇ ಕೋಟೆಯ ಗೋಡೆಯನ್ನು ಜ್ಯೋತಿರಾಜ್, ಎಲ್ಲರೂ ಕೋತಿರಾಜ ಅಂತ ಕರೆಯುತ್ತಾರಲ್ಲ ಅವರು, ಬರಿಗೈಯಲ್ಲಿ ಹತ್ತುತ್ತಾರೆ. ನಾವು ಮೆಟ್ಟಿಲಲ್ಲಿ ಹೋದೆವು ಅಂತ ಅವರು ಹತ್ತಿದ್ದರ ಬೆಲೆ ಗುಲಗಂಜಿಯಷ್ಟೂ ಕಡಿಮೆ ಆಗಲ್ಲ. ಚಪ್ಪಾಳೆ ಹೊಡೆಯುವವರು ಯಾರು? ಮೆಟ್ಟಿಲು ಹತ್ತಿ ಬಂದವರೇ. ಗೋಡೆ ಎಷ್ಟು ಎತ್ತರ ಅಂತ ಹತ್ತಿರದಿಂದ ನೋಡಿದವರಿಗೇ ಅದರ ಬೆಲೆ ಗೊತ್ತಾಗುವುದು.

ಇದನ್ನು ಹೇಳಿದಾಗ ಒಬ್ಬ ಇಂಜಿನಿಯರಿಂಗ್ ಹುಡುಗ ಒಳ್ಳೇ ಮಾತು ಕೇಳಿದ. ಅಕ್ಕಾ, ಏಳು ಸುತ್ತಿನ ಕೋಟೆ ಕಟ್ಟಿದ್ದೇ ಒಳಗೆ ಬರಬಾರದು ಅಂತ, ಬಾಗಿಲುಗಳನ್ನು ಬೇಕಂತಲೇ ಸೊಟ್ಟಗೆ ತಿರುಗಿಸಿ ಕಟ್ಟಿದ್ದಾರೆ, ಕಷ್ಟವೇ ಆ ಕೋಟೆಯ ಅಂದ ಅಲ್ವಾ ಅಂದ. ನಾನು ಒಂದು ದಿನ ಪೂರ್ತಿ ಯೋಚನೆ ಮಾಡಿದೆ. ನಿಜ, ಕೋಟೆಯ ಅಂದ ಅದೇ. ಆದರೆ ಕೋಟೆ ಕಟ್ಟಿದವನು ಹೊರಗಿನವನು ಸೋಲಲಿ ಅಂತ ಕಟ್ಟಿದ. ಗೇಮ್ ಮಾಡಿದವನು ಹೊರಗಿನವನು ಒಳಗೆ ಬರಲಿ, ಕಡೇ ಸುತ್ತಿನ ತನಕ ನೋಡಲಿ ಅಂತಲೇ ಮಾಡುತ್ತಾನೆ. ನಾಲ್ಕೈದು ವರ್ಷ ಕೂತು ಬರೆದ ಕಥೆ, ಬಿಡಿಸಿದ ಊರು, ಕೂಡಿಸಿದ ಸಂಗೀತ, ಎಲ್ಲ ಎರಡನೇ ಬಾಗಿಲಿನ ಆಚೆಗೇ ಉಳಿದರೆ ಅವನಿಗೂ ಬೇಜಾರೇ.

ಹಾರ್ಡ್‌ನಲ್ಲಿ ಮುಗಿಸಿದವರಿಗೆ ಬೇರೆ ಟ್ರೋಫಿ ಕೊಡಲಿ. ಯಾರೂ ಬೇಡ ಅನ್ನಲ್ಲ.

ಇದೆಲ್ಲ ಈಗಿನವರ ಹೊಸ ಬೇಡಿಕೆ ಅಲ್ವಾ? ಮೊದಲು ಎಲ್ಲ ಗೇಮ್ ಕಷ್ಟವೇ ಇರಲಿಲ್ವಾ?

ಇಲ್ಲ. ಸಾಹಸದ ಗೇಮ್‌ಗಳಲ್ಲಿ ಆಯ್ಕೆ ಮೊದಲಿನಿಂದಲೂ ಇದೆ. ವಾರನ್ ರಾಬಿನೆಟ್ 1980ರಲ್ಲಿ ಅಟಾರಿ ಅನ್ನುವ ಹಳೇ ಗೇಮ್ ಪೆಟ್ಟಿಗೆಗೆ ಮಾಡಿದ ಅಡ್ವೆಂಚರ್ ಅನ್ನುವ ಗೇಮ್‌ನಲ್ಲೇ ಮೂರು ಹಂತ ಇದ್ದವು. ಒಂದನೆಯದರಲ್ಲಿ ಊರು ಚಿಕ್ಕದು. ಎರಡನೆಯದರಲ್ಲಿ ಪೂರ್ತಿ ಊರು. ಮೂರನೆಯದರಲ್ಲಿ ವಸ್ತುಗಳು ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಬಿದ್ದಿರುತ್ತಿದ್ದವು. ಅದು ಸಾಲದು ಅಂತ ಅಟಾರಿ ಪೆಟ್ಟಿಗೆ ಮೇಲೇ ಕಷ್ಟ ಹೆಚ್ಚು ಕಡಿಮೆ ಮಾಡುವ ಎರಡು ಸ್ವಿಚ್ ಇದ್ದವು. ಒಂದು ಸ್ವಿಚ್ ಡ್ರ್ಯಾಗನ್ ಎಷ್ಟು ಬೇಗ ಕಚ್ಚುತ್ತದೆ ಅನ್ನುವುದಕ್ಕೆ, ಇನ್ನೊಂದು ಅದು ನಿಮ್ಮ ಕತ್ತಿ ಕಂಡು ಓಡಿಹೋಗಬೇಕಾ ಬೇಡವಾ ಅನ್ನುವುದಕ್ಕೆ. ಎರಡು ಬೇರೆ ಬೇರೆ ಕಷ್ಟಕ್ಕೆ ಎರಡು ಬೇರೆ ಸ್ವಿಚ್! ನಾನು ಈಗ ಕೇಳುತ್ತಿರುವುದೂ ಅದನ್ನೇ.

ಹೊಡೆದಾಟ ಇಲ್ಲದ, ಬರೀ ಒಗಟಿನ ಗೇಮ್‌ಗಳಲ್ಲಿ ಸುಲಭ ಮಾಡುವುದು ಹೇಗೆ?

ಅಲ್ಲಿ ಏಟು ಕಡಿಮೆ ಮಾಡಿದರೆ ಉಪಯೋಗ ಇಲ್ಲ. ಒಗಟನ್ನೇ ಕಡಿಮೆ ಮಾಡಬೇಕು. 1991ರ ಮಂಕಿ ಐಲ್ಯಾಂಡ್ 2ರಲ್ಲಿ ಒಗಟು ಕಡಿಮೆ ಇರುವ ಲೈಟ್ ಹಂತ ಇತ್ತು. 1997ರಲ್ಲಿ ಬಂದ ಮೂರನೇ ಭಾಗದಲ್ಲಿ ಮೆಗಾ ಮಂಕಿ ಅಂತ ಜಾಸ್ತಿ ಒಗಟಿನ ಹಂತ ಇತ್ತು. 2022ರ ರಿಟರ್ನ್ ಟು ಮಂಕಿ ಐಲ್ಯಾಂಡ್‌ನಲ್ಲಿ ಎರಡು ಹಂತದ ಜೊತೆಗೆ ಒಂದು ಸುಳಿವಿನ ಪುಸ್ತಕವನ್ನೇ ಕೊಟ್ಟಿದ್ದಾರೆ. ಅದು ಉತ್ತರವನ್ನು ಒಂದೇ ಸಲಕ್ಕೆ ಹೇಳಲ್ಲ. ಮೊದಲು ಸಣ್ಣ ಸುಳಿವು, ಆಗಲಿಲ್ಲ ಅಂದರೆ ಇನ್ನೊಂದು, ಆಮೇಲೆ ಪೂರ್ತಿ. ನನ್ನ ಮಟ್ಟಿಗೆ ಒಗಟಿನ ಗೇಮ್‌ಗೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ. ಅಜ್ಜಿ ಒಗಟು ಹೇಳುವಾಗಲೂ ಹಾಗೇ ಅಲ್ವಾ, ಸೋತೆ ಅಂತ ಒಪ್ಪಿಕೊಳ್ಳುವ ತನಕ ಒಂದೊಂದೇ ಎಳೆ ಬಿಡುತ್ತಿದ್ದರು.

ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ನನಗೆ ಈಜಿ ಹಾಕಿದರೂ ಕಷ್ಟವೇ. ಯಾಕೆ?

ಈ ಪ್ರಶ್ನೆ ಕೇಳಲು ತುಂಬಾ ಜನ ಸಂಕೋಚ ಪಡುತ್ತಾರೆ. ದಯವಿಟ್ಟು ಪಡಬೇಡಿ. ನಿಮ್ಮ ಕೈಯೂ ಸರಿ ಇದೆ, ತಲೆಯೂ ಸರಿ ಇದೆ. ನಮ್ಮ ಅಂಗಡಿಯಲ್ಲಿರುವ ಒಂದು ಗೇಮ್‌ನಲ್ಲೂ ಕನ್ನಡ ಇಲ್ಲ. ಎಲ್ಲಿಗೆ ಹೋಗಬೇಕು, ಯಾವುದನ್ನು ಹುಡುಕಬೇಕು ಅಂತ ಹೇಳುವ ಮಾತೇ ತಿಳಿಯದಿದ್ದರೆ ಶತ್ರುವಿನ ಏಟು ಅರ್ಧ ಮಾಡಿ ಏನು ಪ್ರಯೋಜನ?

ಮಂಕಿ ಐಲ್ಯಾಂಡ್ 2ರಲ್ಲೇ ಒಂದು ಪ್ರಸಿದ್ಧ ಒಗಟು ಇದೆ. ಒಂದು ಪಂಪಿನ ನಟ್ಟು ತಿರುಗಿಸಲು ಕೋತಿಯನ್ನೇ ಪಾನಾ ಥರ ಬಳಸಬೇಕು. ಯಾಕೆಂದರೆ ಅಮೆರಿಕದಲ್ಲಿ ಒಂದು ಬಗೆಯ ಪಾನಾಕ್ಕೆ ಮಂಕಿ ರೆಂಚ್ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಪಾನಾಕ್ಕೆ ಸ್ಪ್ಯಾನರ್ ಅನ್ನುತ್ತಾರೆ, ಹಾಗಾಗಿ ಇಂಗ್ಲಿಷ್ ಹುಟ್ಟಿದ ನಾಡಿನವರಿಗೇ ಅದು ಹೊಳೆಯುವುದು ಕಷ್ಟ. ಇನ್ನು ದಾವಣಗೆರೆಯ ಹುಡುಗನಿಗೆ ಹೇಗೆ ಹೊಳೆಯಬೇಕು? ಇಂಥ ಕಡೆ ಸೋತರೆ ಅದು ನಿಮ್ಮ ಸೋಲಲ್ಲ.

ಏನು ಮಾಡಬಹುದು? ಸೆಟ್ಟಿಂಗ್ಸ್‌ನಲ್ಲಿ ಸಬ್‌ಟೈಟಲ್ ಹಾಕಿ, ಅಕ್ಷರ ದೊಡ್ಡದು ಮಾಡುವ ಆಯ್ಕೆ ಇದ್ದರೆ ದೊಡ್ಡದು ಮಾಡಿ. ದಾರಿ ತೋರಿಸುವ ಗುರುತು ಇದ್ದರೆ ಅದನ್ನು ಆನ್ ಮಾಡಿ. ಮಾತು ನಡೆಯುವಾಗ ಆಟವನ್ನು ತಡೆದು ನಿಲ್ಲಿಸಲು ಬಿಡುವ ಗೇಮ್ ಆರಿಸಿಕೊಳ್ಳಿ. ನಾನು ಅಂಗಡಿಯಲ್ಲಿ ಇದ್ದರೆ ಕರೆಯಿರಿ, ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತೇನೆ. ಗೇಮ್ ಮಾಡುವವರು ಕಷ್ಟದ ಆಯ್ಕೆ ಅಂದಾಗ ಓದುವ ವೇಗವನ್ನೂ ಅದರಲ್ಲಿ ಸೇರಿಸಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಕೈಗೆ ಪೆಟ್ಟಾದವರು, ಕಣ್ಣು ಮಂಜಾದವರು ಆಡಬಹುದಾ?

ಆಡಬಹುದು. ನಮ್ಮ ಮನೆಯಲ್ಲೇ ಆಡುತ್ತಾರೆ.

ನನ್ನ ಸೋದರಮಾವ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು. ಬೆಲ್ಟಿಗೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು, ತೋರುಬೆರಳು ಮತ್ತು ನಡುಬೆರಳು. ಕಂಟ್ರೋಲರ್ ಹಿಡಿದಿರುವವರಿಗೆ ಗೊತ್ತು, ಆರ್1 ಮತ್ತು ಆರ್2 ಒತ್ತುವುದು ಆ ಬೆರಳುಗಳಿಂದಲೇ. 2018ರ ಗಾಡ್ ಆಫ್ ವಾರ್‌ನಲ್ಲಿ ಕೊಡಲಿ ಬೀಸುವುದು ಆ ಎರಡು ಬಟನ್‌ನಿಂದ. ಮನೆಯಲ್ಲಿ ಸುಮ್ನೆ ಕೂತು ಬೇಜಾರಾಗಿ ಅಂಗಡಿಗೆ ಬರುತ್ತಿದ್ದರು, ಹಿಂದೆ ಕೂತು ಹುಡುಗರು ಆಡುವುದನ್ನು ನೋಡುತ್ತಿದ್ದರು. ಅಪ್ಪ ಮಗ ಸೇರಿ ತೀರಿಹೋದ ತಾಯಿಯ ಬೂದಿಯನ್ನು ಎತ್ತರದ ಬೆಟ್ಟದ ತುದಿಗೆ ಒಯ್ಯುವ ಕಥೆ ಆ ಗೇಮ್‌ನದ್ದು. ಭಾಷೆ ಬರದಿದ್ದರೂ ಮಾವನಿಗೆ ಆ ಅಪ್ಪ ಚೆನ್ನಾಗಿ ಅರ್ಥವಾಗಿದ್ದ. ಒಂದು ದಿನ ನಾನೂ ಹಿಡೀಲಾ ಅಂದರು.

ಆ ಗೇಮ್‌ನಲ್ಲಿ ನಾಲ್ಕು ಹಂತ ಇವೆ, ಎಲ್ಲಕ್ಕಿಂತ ಸುಲಭದ್ದಕ್ಕೆ ನನಗೆ ಕಥೆ ಕೊಡು ಅನ್ನುವ ಅರ್ಥದ ಹೆಸರು. ಅದನ್ನು ಹಾಕಿದೆವು. ಪಿಎಸ್4 ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೆ ಬಟನ್‌ಗಳ ಜಾಗ ಬದಲಿಸುವ ಆಯ್ಕೆ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಆರ್1 ಕೆಲಸವನ್ನು ಎಡಗೈಯ ಎಲ್2ಗೆ ಕೊಟ್ಟೆವು. ಕೊಡಲಿ ಎಸೆಯಲು ಮೊದಲು ಒದ್ದಾಡಿದರು. ಏಟು ಹಗುರವಾಗಿ ಬೀಳುತ್ತಿದ್ದರಿಂದ ಕಲಿಯಲು ಸಮಯ ಸಿಕ್ಕಿತು. ನಾಲ್ಕು ತಿಂಗಳಲ್ಲಿ, ವಾರಕ್ಕೆ ಎರಡು ಸಲ ಕೂತು, ಬೆಟ್ಟದ ತುದಿ ತಲುಪಿದರು. ಸುಲಭದ ಹಂತ ಇಲ್ಲದಿದ್ದರೆ ಅವರು ಇವತ್ತೂ ಹಿಂದಿನ ಕುರ್ಚಿಯಲ್ಲೇ ಕೂತಿರುತ್ತಿದ್ದರು. ಈ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಮಾತಾಡಲು ಇದೇ ಕಾರಣ.

ಬೇರೆ ಗೇಮ್‌ಗಳು ಇನ್ನೂ ಮುಂದೆ ಹೋಗಿವೆ. 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ರಲ್ಲಿ ಕಣ್ಣು, ಕಿವಿ, ಕೈಗೆ ತೊಂದರೆ ಇರುವವರಿಗಾಗಿ 60ಕ್ಕೂ ಹೆಚ್ಚು ಸೆಟ್ಟಿಂಗ್ ಇವೆ. ಅದರ ಜೊತೆಗೆ ಕಷ್ಟವನ್ನೂ ಐದು ಭಾಗ ಮಾಡಿದ್ದಾರೆ: ನಿಮಗೆ ಬೀಳುವ ಏಟು, ಶತ್ರುಗಳು, ಜೊತೆಗಾರರು, ಅಡಗಿ ಸಾಗುವುದು, ದಾರಿಯಲ್ಲಿ ಸಿಗುವ ಸಾಮಾನು. ಅಡಗುವುದು ಕಷ್ಟ ಇರಲಿ, ಗುಂಡು ಮಾತ್ರ ಜಾಸ್ತಿ ಸಿಗಲಿ ಅಂದರೆ ಹಾಗೇ ಮಾಡಿಕೊಳ್ಳಬಹುದು. ಸಾಮಾನ್ಯ ಕಂಟ್ರೋಲರ್ ಹಿಡಿಯಲು ಆಗದವರಿಗೆ ಮೈಕ್ರೋಸಾಫ್ಟ್ 2018ರಲ್ಲಿ, ಸೋನಿ 2023ರಲ್ಲಿ ಬೇರೆ ಥರದ ಕಂಟ್ರೋಲರ್‌ಗಳನ್ನೂ ತಂದಿವೆ.

ಹಾಗಾದರೆ ಆಯ್ಕೆ ಇರುವ ಗೇಮ್‌ಗಳೆಲ್ಲ ಒಳ್ಳೆಯವಾ?

ಅಲ್ಲ. ಆಯ್ಕೆ ಇಟ್ಟೂ ಹಾಳು ಮಾಡಬಹುದು.

ಎಲ್ಲಕ್ಕಿಂತ ಕೆಟ್ಟದ್ದು ಅವಮಾನ. 1992ರ ವುಲ್ಫೆನ್‌ಸ್ಟೈನ್ 3ಡಿಯಲ್ಲಿ ಸುಲಭದ ಹಂತಕ್ಕೆ ನಾನು ಆಡಲಾ ಅಪ್ಪಾ ಅನ್ನುವ ಹೆಸರು, ಪಕ್ಕದಲ್ಲಿ ನಾಯಕನಿಗೆ ಮಗುವಿನ ಕುಲಾವಿ ಹಾಕಿದ ಚಿತ್ರ. 2015ರ ಮೆಟಲ್ ಗೇರ್ ಸಾಲಿಡ್ 5ರಲ್ಲಿ ಪದೇ ಪದೇ ಸತ್ತರೆ ಕೋಳಿ ಟೋಪಿ ಬೇಕಾ ಅಂತ ಕೇಳುತ್ತದೆ. ಅದನ್ನು ಹಾಕಿದರೆ ಕೆಲಸ ಸುಲಭ, ಆದರೆ ತಲೆ ಮೇಲೆ ಕೋಳಿ. ತಮಾಷೆಗೆ ಮಾಡಿದ್ದಿರಬಹುದು. ಅಂಗಡಿಯಲ್ಲಿ ಆರು ಜನರ ಮುಂದೆ ಅದನ್ನು ಒತ್ತಬೇಕಾದವನಿಗೆ ತಮಾಷೆ ಅಲ್ಲ.

ಎರಡನೆಯದು, ಸುಲಭ ಅಂತ ಕೊಟ್ಟು ಅರ್ಧ ಗೇಮ್ ಕಿತ್ತುಕೊಳ್ಳುವುದು. 2017ರ ಕಪ್‌ಹೆಡ್‌ನಲ್ಲಿ ಸಿಂಪಲ್ ಹಂತದಲ್ಲಿ ಗೆದ್ದರೆ ಕೊನೆಯ ಕಾಳಗಕ್ಕೆ ಬೇಕಾದ ಪತ್ರ ಸಿಗಲ್ಲ. ಚಿತ್ರ ಬಿಡಿಸಿದ ಕೈಗೆ ನಮಸ್ಕಾರ ಮಾಡಬೇಕು ಅನ್ನಿಸುವ ಗೇಮ್ ಅದು, ಆದರೆ ಈ ವಿಷಯದಲ್ಲಿ ನನಗೆ ಸಿಟ್ಟಿದೆ.

ಮೂರನೆಯದು ಹಾರ್ಡ್ ಕಡೆಯ ಸೋಮಾರಿತನ. ಶತ್ರುವಿನ ಜೀವವನ್ನು ಮೂರು ಪಟ್ಟು ಮಾಡಿ ಹಾರ್ಡ್ ಅನ್ನುವುದು. ಅವನು ಮೊದಲಿನ ಹಾಗೇ ದಡ್ಡ, ಸಾಯಲು ಮಾತ್ರ ಹೊತ್ತು ತೆಗೆದುಕೊಳ್ಳುತ್ತಾನೆ. ಹಾರ್ಡ್ ಇಷ್ಟಪಡುವವರಿಗೂ ಇದು ಮೋಸವೇ.

ಚೆನ್ನಾಗಿ ಮಾಡಿದ್ದು ಯಾವುದು?

2018ರ ಸೆಲೆಸ್ಟ್. ಬೆಟ್ಟ ಹತ್ತುವ ಹುಡುಗಿಯ ಕಥೆ, ಭಾರೀ ಕಷ್ಟದ ಗೇಮ್. ಅದರಲ್ಲಿ ಅಸಿಸ್ಟ್ ಮೋಡ್ ಇದೆ. ಆಟದ ವೇಗವನ್ನು ಹತ್ತು ಹತ್ತರಂತೆ ಇಳಿಸುತ್ತಾ ಶೇಕಡಾ 50ಕ್ಕೆ ತರಬಹುದು, ಸುಸ್ತಾಗದ ಹಾಗೆ ಮಾಡಬಹುದು, ಸಾಯದ ಹಾಗೂ ಮಾಡಬಹುದು. ಬೇಕಾದ್ದನ್ನು ಮಾತ್ರ ಆನ್ ಮಾಡಿ, ಯಾವಾಗ ಬೇಕಾದರೂ ಆಫ್ ಮಾಡಿ. ಈ ಗೇಮ್ ಕಷ್ಟ ಇರಲಿ ಅಂತಲೇ ಮಾಡಿದ್ದು, ನಿಮಗೆ ಅದು ಆಗದಿದ್ದರೆ ಇದನ್ನು ಬಳಸಿ ಅಂತ ಗೌರವದಿಂದ ಹೇಳುತ್ತಾರೆ. ಅಷ್ಟೇ, ಛೇಡಿಸಲ್ಲ.

ಶ್ಯಾಡೋ ಆಫ್ ದಿ ಟೂಮ್ ರೈಡರ್ ಕೂಡ 2018ರದ್ದೇ. ಹೊಡೆದಾಟ, ಹುಡುಕಾಟ, ಒಗಟು, ಮೂರಕ್ಕೂ ಬೇರೆ ಬೇರೆ ಹಂತ. ಹುಡುಕಾಟ ಹಾರ್ಡ್ ಮಾಡಿದರೆ ಎಲ್ಲಿ ಹತ್ತಬೇಕು ಅಂತ ತೋರಿಸುವ ಬಿಳಿ ಬಣ್ಣದ ಗುರುತು ಮಾಯ. ನಾನು ಅದನ್ನು ಹೊಡೆದಾಟ ಈಜಿ, ಉಳಿದೆರಡು ಹಾರ್ಡ್ ಇಟ್ಟು ಆಡಿದೆ. ಗುಹೆಯಲ್ಲಿ ದಾರಿ ತಪ್ಪುವುದು ನನಗೆ ಇಷ್ಟ, ಗುಂಡು ಹೊಡೆಯುವುದು ಇಷ್ಟ ಇಲ್ಲ. ನನ್ನ ಹಂತ ಈಜಿಯಾ, ಹಾರ್ಡಾ? ಯಾರೂ ಹೇಳಲು ಆಗಲ್ಲ. ಅದೇ ಚೆಂದ.

2020ರ ಹೇಡೀಸ್ ಗೇಮ್‌ನ ಗಾಡ್ ಮೋಡ್ ಇನ್ನೊಂದು. ಆನ್ ಮಾಡಿದರೆ ಏಟು ಶೇಕಡಾ 20 ಕಡಿಮೆ ಬೀಳುತ್ತದೆ. ಪ್ರತಿ ಸಲ ಸತ್ತಾಗ ಇನ್ನೂ 2 ಸೇರುತ್ತದೆ, 80ರ ತನಕ. ಸೋತಷ್ಟೂ ಗಟ್ಟಿಯಾಗುತ್ತಾ ಹೋಗುತ್ತೀರಿ.

ನಮ್ಮನ್ನು ಕೇಳದೆ ಗೇಮ್ ತಾನೇ ಸುಲಭ ಆಗಬಹುದಲ್ವಾ?

ಆಗುತ್ತದೆ. 2005ರ ರೆಸಿಡೆಂಟ್ ಈವಿಲ್ 4 ಹಾಗೇ ಮಾಡುತ್ತಿತ್ತು. ನೀವು ಸೋಲುತ್ತಿದ್ದರೆ ಗುಟ್ಟಾಗಿ ಸ್ವಲ್ಪ ಸಡಿಲ ಬಿಡುತ್ತಿತ್ತು, ಚೆನ್ನಾಗಿ ಆಡಿದರೆ ಬಿಗಿ ಮಾಡುತ್ತಿತ್ತು. ಕೆಲಸವೇನೋ ಚೆನ್ನಾಗಿಯೇ ಮಾಡುತ್ತದೆ. ಆದರೂ ನನಗೆ ಹೇಳಿ ಮಾಡುವುದೇ ಇಷ್ಟ. ಗೆದ್ದದ್ದು ನಾನಾ, ಗೇಮ್ ಬಿಟ್ಟುಕೊಟ್ಟದ್ದಾ ಅನ್ನುವ ಅನುಮಾನ ಆಮೇಲೆ ಕಾಡಬಾರದು.

ಮಗ ಈಜಿಯಲ್ಲೇ ಆಡುತ್ತಾ ಇದ್ದರೆ ಸೋಮಾರಿ ಆಗಲ್ವಾ?

ನಾನು ಕಂಡ ಹಾಗೆ ಇಲ್ಲ. ಮಕ್ಕಳಿಗೆ ಸುಲಭ ಆದಾಗ ಅವರಿಗೇ ಬೇಜಾರಾಗಿ ಮೇಲಿನ ಹಂತ ಕೇಳುತ್ತಾರೆ. ಬಲವಂತವಾಗಿ ಹಾರ್ಡ್ ಹಾಕಿಸಿದ ಮಕ್ಕಳು ಕಂಟ್ರೋಲರ್ ಎಸೆಯುವುದನ್ನು ಮಾತ್ರ ನೋಡಿದ್ದೇನೆ. ಅದಕ್ಕಿಂತ ಮುಖ್ಯವಾಗಿ ಗೇಮ್ ಯಾವ ವಯಸ್ಸಿನವರಿಗೆ ಅಂತ ಡಬ್ಬಿ ಮೇಲೆ ನೋಡಿ. ಗಾಡ್ ಆಫ್ ವಾರ್, ಲಾಸ್ಟ್ ಆಫ್ ಅಸ್ ದೊಡ್ಡವರಿಗೆ. ಈಜಿ ಹಾಕಿದ ಮಾತ್ರಕ್ಕೆ ಅವು ಮಕ್ಕಳ ಗೇಮ್ ಆಗಲ್ಲ.

ಹಾರ್ಡ್ ಇಷ್ಟಪಡುವವರಿಗೆ ಆಯ್ಕೆಯಿಂದ ಏನು ಲಾಭ?

ಎಲ್ಲರಿಗೂ ಒಂದೇ ಮಟ್ಟ ಇಟ್ಟರೆ ತುಂಬಾ ಗೇಮ್‌ಗಳು ಸುಲಭದ ಕಡೆಗೇ ವಾಲುತ್ತವೆ. ಆಗ ಚೆನ್ನಾಗಿ ಆಡುವವರಿಗೆ ಸಪ್ಪೆ. ಆಯ್ಕೆ ಇದ್ದರೆ ಮೇಲಿನ ಹಂತವನ್ನು ನಿಜವಾಗಿ ಖಾರ ಮಾಡಬಹುದು. 2017ರ ಜೆಲ್ಡಾ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಮೊದಲು ಆಯ್ಕೆ ಇರಲಿಲ್ಲ. ಕಷ್ಟದ ಮಾಸ್ಟರ್ ಮೋಡ್ ಬೇಕೆಂದರೆ ಆಮೇಲೆ ಬಂದ ಡಿಎಲ್‌ಸಿಯನ್ನು, ಅಂದರೆ ಗೇಮ್‌ಗೆ ಸೇರಿಸುವ ಹೆಚ್ಚುವರಿ ಭಾಗವನ್ನು, ದುಡ್ಡು ಕೊಟ್ಟು ಕೊಳ್ಳಬೇಕಾಯಿತು. ಅದು ನನಗೆ ಸರಿ ಕಾಣಲಿಲ್ಲ. ಖಾರ ಜಾಸ್ತಿ ಹಾಕಿ ಅಂದರೆ ಮಂಡಕ್ಕಿ ಗಾಡಿಯವರು ಬೇರೆ ರೊಕ್ಕ ಕೇಳಲ್ಲ.

ಮೊದಲ ಸಲ ಆಡುವವರು ಯಾವ ಹಂತ ಹಾಕಬೇಕು?

ನಡುವಿನದ್ದು ಹಾಕಿ ಅರ್ಧ ಗಂಟೆ ಆಡಿ. ಆಮೇಲೆ ಬದಲಿಸಿ. ತುಂಬಾ ಗೇಮ್‌ಗಳಲ್ಲಿ ನಡುವೆ ಬದಲಿಸಬಹುದು, ಆದರೆ ಮೊದಲೇ ನೋಡಿಕೊಳ್ಳಿ. ಗಾಡ್ ಆಫ್ ವಾರ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಹಂತ ಆರಿಸಿ ಶುರು ಮಾಡಿದರೆ ಆಮೇಲೆ ಇಳಿಸಲು ಆಗಲ್ಲ, ಮೊದಲಿನಿಂದ ಆಡಬೇಕು. ಗಂಟೆ ಲೆಕ್ಕದಲ್ಲಿ ಆಡುವವರು ಇದನ್ನು ಮರೆಯಬೇಡಿ. ಹೊಸ ಗೇಮ್‌ಗೆ ನಾಲ್ಕೈದು ಸಾವಿರ ಕೊಟ್ಟು ಮನೆಗೆ ತರುವವರಂತೂ ಮರೆಯಲೇಬೇಡಿ.

ಎಲ್ಲಿ ಕಷ್ಟ ಆಯಿತು ಅಂತ ನಮಗೆ ಹೇಳಿ. ಕೈಯಾ, ಕಣ್ಣಾ, ಒಗಟಾ, ಮಾತಾ? ಅದಕ್ಕೆ ತಕ್ಕ ಹಾಗೆ ಸೆಟ್ಟಿಂಗ್ ಮಾಡಿಕೊಡುತ್ತೇವೆ.

ನಿಮ್ಮ ಮಾವ ಈಗ ಏನು ಆಡುತ್ತಿದ್ದಾರೆ?

ಗಾಡ್ ಆಫ್ ವಾರ್ ಕಥೆಯ ಮುಂದಿನ ಭಾಗ, 2022ರ ರಾಗ್ನರಾಕ್. ಅದರಲ್ಲಿ ಐದು ಹಂತ ಇವೆ. ಮತ್ತೆ ಕಥೆ ಕೊಡು ಅನ್ನುವ ಸುಲಭದ ಹಂತದಲ್ಲೇ ಶುರು ಮಾಡಿದರು. ಎರಡನೇ ವಾರ ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ ಸೆಟ್ಟಿಂಗ್ಸ್ ತೆಗೆದು ತಾವೇ ಒಂದು ಹಂತ ಮೇಲೆ ಹಾಕಿಕೊಂಡಿದ್ದರು. ಯಾಕೆ ಮಾವಾ ಅಂದೆ. ಏಟು ಗೊತ್ತೇ ಆಗ್ತಿಲ್ಲಮ್ಮಾ ಅಂದರು.